ಲೈನ್ ಚಾರ್ಜ್ ಆದ ಮೇಲೆ ಕೇಳಿದ ನನ್ನ ದನಿ

ನನ್ನ ದನಿಯನ್ನು ನಾನೇ ಪೆನ್ ಡ್ರೈವಿಗೆ ತುಂಬಿಸಿ, ಕೈಯಾರೆ ಕೊಟ್ಟು, ಮೇಲೆ ಚಹಾ ಕುಡಿಸಿ ಬಂದವನು ನಾನು. ಹಾಗಾಗಿ ಈ ಪ್ರಸಂಗದಲ್ಲಿ ಮೊದಲ ದಡ್ಡ ನಾನೇ ಎಂದು ಒಪ್ಪಿಕೊಂಡುಬಿಡುತ್ತೇನೆ. ಉಳಿದವರ ಸರದಿ ಆಮೇಲೆ.

ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ನ್ಯಾಮತಿಯಲ್ಲಿ ಪವರ್ ಮ್ಯಾನ್ ಆಗಿದ್ದೆ. ಹೆಸರು ಕೇಳಿ ಯಾರೂ ಹೆದರಬೇಕಿಲ್ಲ, ಹಳೆಯ ಲೈನ್‌ಮನ್ನಿಗೆ ಇಲಾಖೆ ಇಟ್ಟ ಹೊಸ ಹೆಸರು ಅಷ್ಟೆ. ಪವರ್ ಎಲ್ಲ ಕಂಬದ ಮೇಲಿರುತ್ತದೆ, ಮ್ಯಾನ್ ಕೆಳಗೆ ನಿಂತು ಊರವರಿಂದ ಬೈಸಿಕೊಳ್ಳುತ್ತಾನೆ. ಡ್ಯೂಟಿ ಇಲ್ಲದ ಸಂಜೆ ನಾನು ರಸಮಂಜರಿಯ ವೇದಿಕೆ ಹತ್ತುತ್ತಿದ್ದೆ. ಮದುವೆ, ಗಣಪತಿ, ರಾಜ್ಯೋತ್ಸವ, ಯಾವುದಾದರೂ ಸರಿ. ನಾಲ್ಕು ಹಾಡು, ಒಂದಷ್ಟು ಮಿಮಿಕ್ರಿ. ಹೆಲ್ಮೆಟ್ಟಿನಲ್ಲಿ ಚಪ್ಪಟೆಯಾದ ಕೂದಲಿಗೆ ಎಣ್ಣೆ ಹಚ್ಚಿ, ಹೊಳೆಯುವ ಕೋಟು ತೊಟ್ಟು ನಿಂತರೆ ನನ್ನ ತಾಯಿಗೇ ಗುರುತು ಸಿಗುತ್ತಿರಲಿಲ್ಲ. ಸಿಕ್ಕಿದ ದಿನ, "ಮದುವೆ ಗಂಡಿಗಿಂತ ನಿಂದೇ ಜೋರಾತಲ್ಲೋ ಕೊಟ್ರೇಶ" ಎಂದಿದ್ದಳು.

ನಮ್ಮ ಟ್ರೂಪಿನ ಮಾಲೀಕ ಮಂಜ. ಚನ್ನಗಿರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಟ್ಟಿಗೆ ಫೇಲಾದವರು ನಾವು. ಅವನು ಕೀಬೋರ್ಡ್ ಕಲಿತ, ನಾನು ಮೇಷ್ಟ್ರ ದನಿ ಕಲಿತೆ. ಆಮೇಲೆ ಯಾರ ದನಿಯನ್ನೂ ಬಿಡಲಿಲ್ಲ. ನಮ್ಮ ಅಸಿಸ್ಟೆಂಟ್ ಇಂಜಿನಿಯರ್, ಅಂದರೆ ಎ.ಇ. ಸಾಹೇಬರು ಫೋನಿನಲ್ಲಿ "ಏನ್ರೀ, ಯಾಕ್ರೀ, ಎಲ್ರೀ" ಎನ್ನುವುದನ್ನು ಅವರ ಮಗಳ ಮದುವೆಯಲ್ಲೇ ಮಾಡಿ ತೋರಿಸಿದವನು ನಾನು. ಆದರೆ ಜನ ಕೂಗಿ ಕೂಗಿ ಕೇಳುತ್ತಿದ್ದದ್ದು ಮಂಜನ ಅಪ್ಪ ರುದ್ರಣ್ಣನ ದನಿಯನ್ನು. ಅವರು ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. "ಹೊನ್ನಾಳಿ ನ್ಯಾಮತಿ, ಹೊನ್ನಾಳಿ ನ್ಯಾಮತಿ, ಸೀಟ್ ಐತ್ರೀ, ಕುಂತ್ಕಂಡು ಹೋಗ್ರಿ!" ಎಂದು ಬಸ್ ಒಳಗೆ ಕಾಲಿಡಲು ಜಾಗವಿಲ್ಲದಾಗ ಕೂಗುತ್ತಿದ್ದರು. ಆ ದನಿ ನಂಬಿ ಹತ್ತಿ, ನಿಂತುಕೊಂಡೇ ಊರು ಸೇರಿದವರು ಎಲ್ಲ ಹಳ್ಳಿಯಲ್ಲೂ ಇದ್ದರು. ಅವರು ತೀರಿಕೊಂಡ ಮೇಲೂ ಹೊನ್ನಾಳಿಯಲ್ಲಿ ಜನ ಕೇಳಿದರು, ನಾನು ಮಾಡಿದೆ. ಚಪ್ಪಾಳೆ ನಿಲ್ಲಲೇ ಇಲ್ಲ. ಮಂಜ ಕೀಬೋರ್ಡಿನ ಮೇಲೆ ಬಗ್ಗಿ ಏನೋ ಬಟನ್ ಹುಡುಕುತ್ತಿದ್ದ. ಶ್ರದ್ಧಾಂಜಲಿ ಅಂದರೆ ಇದು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇದೇ ಟ್ರೂಪಿಗಾಗಿ ನಾನು ಪ್ರಮೋಷನ್ ಬೇಡ ಎಂದು ಬರೆದುಕೊಟ್ಟಿದ್ದೆ. ಒಪ್ಪಿಕೊಂಡಿದ್ದರೆ ದೂರದ ಜಿಲ್ಲೆಗೆ ಹೋಗಬೇಕಿತ್ತು. ಎ.ಇ. ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ, ಹಾಡು ಪೆನ್ಷನ್ ಕೊಡುತ್ತಾ?" ಎಂದರು. ಆ ಪ್ರಶ್ನೆಯನ್ನೂ ಅದೇ ವಾರ ವೇದಿಕೆಯಲ್ಲಿ ಅವರದೇ ದನಿಯಲ್ಲಿ ಕೇಳಿ ನಗಿಸಿದೆ.

ಆದರೆ ಕರೆಂಟಿಗೆ ರಸಮಂಜರಿಯ ದಿನ ಗೊತ್ತಿರುವುದಿಲ್ಲ. ಜಗಳೂರಿನ ಒಂದು ಕಾರ್ಯಕ್ರಮದ ದಿನ ಗಾಳಿಗೆ ಕಂಬ ಉರುಳಿ ನಾನು ಹೋಗಲಾಗಲಿಲ್ಲ. ಮಂಜ ಜಗಳೂರಿನ ಪ್ರಜ್ವಲ್ ಎಂಬ ಹುಡುಗನನ್ನು ಹಿಡಿದು ತಂದ. ನೋಡಲು ಚೆಂದ, ಬಾಯಿ ತೆರೆದರೆ ಮಾತ್ರ ಕಷ್ಟ. "ನೀನು ಹಾಡಿ ಕೊಡಲೇ, ಕೇಳ್ಕಂಡು ಕಲೀತಾನೆ. ನೀನು ಬರಾಕೆ ಆಗದಿದ್ದಾಗ ಎರಡು ಹಾಡಿಗೆ ಆಗ್ತಾನೆ" ಎಂದ ಮಂಜ. ಗುರುವಾಗುವ ಆಸೆ ಯಾರಿಗಿರುವುದಿಲ್ಲ? ಮಂಜನ ಮಹಡಿ ಕೋಣೆಯಲ್ಲಿ ಕೂತು ಎಲ್ಲ ಹಾಡನ್ನೂ ಹಾಡಿ, ರೆಕಾರ್ಡ್ ಮಾಡಿ ಪೆನ್ ಡ್ರೈವಿಗೆ ತುಂಬಿಸಿದೆ. ಎಲ್ಲಿ ಉಸಿರು, ಎಲ್ಲಿ ನಗು, ಎಲ್ಲಿ "ಚಪ್ಪಾಳೆ ಕೇಳಿಸ್ತಿಲ್ಲ!" ಎನ್ನಬೇಕು, ಅದೂ ಸೇರಿಸಿದೆ. ಒಂದು ಹಾಡಿನ ಎರಡನೇ ಚರಣದಲ್ಲಿ ಕೆಮ್ಮು ಬಂತು. ಮತ್ತೆ ಹಾಡುತ್ತೇನೆ ಎಂದರೆ ಮಂಜ, "ಇರಲಿ ಬಿಡಲೇ, ಕಲಿಯಾಕೆ ತಾನೇ" ಎಂದ.

ಅದಾದ ಮೇಲೆ ನನಗೆ ಕರೆಯೇ ಬರಲಿಲ್ಲ. ಫೋನ್ ಮಾಡಿದರೆ, "ಬುಕ್ಕಿಂಗೇ ಇಲ್ಲ ಕಣಲೇ, ಸೀಜನ್ ಡಲ್ ಐತೆ" ಎನ್ನುತ್ತಿದ್ದ. ಪಾಪ, ಹೊಟ್ಟೆಪಾಡು ಹೇಗೋ ಎಂದು ನಾನೇ ಮರುಗಿದೆ.

ಒಂದು ಸಂಜೆ ಬೀಸಿದ ಗಾಳಿಗೆ ನ್ಯಾಮತಿ ಹತ್ತಿರದ ಒಂದು ಹಳ್ಳಿಯ ಲೈನಿನಲ್ಲಿ ಜಂಪರ್ ಕಿತ್ತುಹೋಯಿತು. ಜಂಪರ್ ಎಂದರೆ ಕಂಬದ ಈಚೆಯ ತಂತಿಯನ್ನು ಆಚೆಯ ತಂತಿಗೆ ಸೇರಿಸುವ ತುಂಡು ತಂತಿ. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳಬೇಕು. ಅವರು ಲೈನ್ ಬಂದ್ ಮಾಡಿ ಒಂದು ನಂಬರ್ ಕೊಡುತ್ತಾರೆ. ಎಲ್‌ಸಿ ತೆಗೆದುಕೊಂಡವನೇ ಕೆಳಗಿಳಿದು ಅದೇ ನಂಬರ್ ಹೇಳಿ ವಾಪಸ್ ಕೊಡುವ ತನಕ, ಮಂತ್ರಿಯೇ ಫೋನ್ ಮಾಡಿದರೂ ಲೈನ್ ಚಾರ್ಜ್ ಮಾಡುವಂತಿಲ್ಲ, ಅಂದರೆ ಕರೆಂಟ್ ಬಿಡುವಂತಿಲ್ಲ. ಮೇಲೆ ಇರುವವನ ಜೀವ ಆ ಒಂದು ಮಾತಿನಲ್ಲಿರುತ್ತದೆ.

ಸಬ್‌ಸ್ಟೇಷನ್ನಿನ ಆಪರೇಟರ್ ಸಿದ್ದಣ್ಣ ನನ್ನ ವಿಷಯದಲ್ಲಿ ಇನ್ನೂ ಹುಷಾರು. ಕೆಲಸ ಮುಗಿಸಿ ಫೋನ್ ಮಾಡಿದೆ. "ನಿನ್ನ ದನಿ ನಂಬಿದ್ರೆ ನನ್ನ ನೌಕರಿ ಹೋಗ್ತದಪ್ಪಾ. ನೀನೇ ಕೊಟ್ರೇಶ ಅನ್ನಾಕೆ ಏನು ಗ್ಯಾರಂಟಿ? ನಂಬರ್ ಹೇಳು" ಎಂದ. ಹೇಳಿದೆ. ಲೈನ್ ಚಾರ್ಜ್ ಆಯಿತು.

ಊರಿನಲ್ಲಿ ದೀಪ ಬಂದವು, ಹೋ ಎಂಬ ಕೂಗು ಎದ್ದಿತು. ಶಾಲೆ ಮೈದಾನದ ಕಡೆಯಿಂದ ಹಾಡು ಶುರುವಾಯಿತು. ಹಗ್ಗ ಸುತ್ತುತ್ತ ಕೇಳಿಸಿಕೊಂಡೆ. ಅರೆ, ಥೇಟ್ ನನ್ನ ಹಾಗೇ ಹಾಡುತ್ತಾನಲ್ಲ! ನನಗೇ ಮಿಮಿಕ್ರಿ ಮಾಡುವವನು ಹುಟ್ಟಿದನೇ ಎಂದು ಹೆಮ್ಮೆಯೇ ಆಯಿತು. ಎರಡನೇ ಚರಣ ಬಂತು. ಕೆಮ್ಮು ಬಂತು. ನನ್ನ ಕೆಮ್ಮು.

ಓಡಿದೆ. ವೇದಿಕೆಯಲ್ಲಿ ಪ್ರಜ್ವಲ್, ನಾನು ಮಂಜನ ಬಳಿ ಬಿಟ್ಟಿದ್ದ ನನ್ನದೇ ಹೊಳೆಯುವ ಕೋಟು ತೊಟ್ಟು, ಮೈಕಿಗೆ ತುಟಿ ಹಚ್ಚಿ, ಬಾಯಿ ಆಡಿಸುತ್ತಿದ್ದ. ಕೆಮ್ಮಿನ ಜಾಗದಲ್ಲಿ ಎದೆ ಮೇಲೆ ಕೈ ಇಟ್ಟು ಚೆನ್ನಾಗಿಯೇ ಅಭಿನಯಿಸಿರಬೇಕು, ಏಕೆಂದರೆ ಮುಂದಿನ ಸಾಲಿನ ಹೆಣ್ಣುಮಕ್ಕಳು ಪಾಪ ಎನ್ನುತ್ತಿದ್ದರು. ಪಕ್ಕದ ಹಿರಿಯರೊಬ್ಬರು ನನ್ನ ಟೂಲ್ ಬ್ಯಾಗು ನೋಡಿ, "ಕರೆಂಟ್ ಕೊಟ್ಟು ಪುಣ್ಯ ಕಟ್ಕಂಡ್ರಿ ನೋಡ್ರಿ. ಏನ್ ಕಂಠ ಐತ್ರೀ ಆ ಹುಡುಗಂದು! ಗಣಪತಿಗೂ ಇವನ್ನೇ ಕರೆಸಿದ್ವಿ" ಎಂದರು.

ಸೀಜನ್ ಡಲ್ ಇದ್ದದ್ದು ನನಗೊಬ್ಬನಿಗೇ.

ಮೈ ಉರಿದುಹೋಯಿತು. ಸಿದ್ದಣ್ಣನಿಗೆ ಫೋನ್ ಹಚ್ಚಿದೆ. "ಇನ್ನೊಂದು ಎಲ್‌ಸಿ ಕೊಡಣ್ಣ. ಐದೇ ನಿಮಿಷ."

"ಏನು ಫಾಲ್ಟು?"

ವೇದಿಕೆ ಕಡೆ ನೋಡಿದೆ. ಕರೆಂಟ್ ಹೋದರೆ ದನಿ ನಿಲ್ಲುತ್ತದೆ, ಇವನ ತುಟಿ ಆಡುತ್ತಿರುತ್ತದೆ, ಊರೆಲ್ಲ ನೋಡುತ್ತದೆ. ಅದು ಫಾಲ್ಟ್ ಅಲ್ಲ, ಸೇಡು.

"ಲೈನ್ ಚೆನ್ನಾಗೈತೆ ಕೊಟ್ರೇಶ. ಇದ್ರಾಗೆ ಆಸ್ಪತ್ರೆನೂ ಐತೆ. ಸುಮ್ ಸುಮ್ನೆ ಕೊಡಾಕೆ ಬರಲ್ಲ" ಎಂದು ಸಿದ್ದಣ್ಣ ಫೋನ್ ಇಟ್ಟ.

ನನ್ನ ದನಿ ಹಾಡಿ ಮುಗಿಸುವ ತನಕ, ಅದಕ್ಕೆ ಬೇಕಾದ ಕರೆಂಟನ್ನು ಕಾಯುತ್ತ ನಾನೇ ನಿಂತಿದ್ದೆ. ಈ ನೌಕರಿ ನನಗೆ ಕಲಿಸಿದ್ದು ಇಷ್ಟು: ಮಾತು ತೆಗೆದುಕೊಂಡವನೇ ಮಾತು ವಾಪಸ್ ಕೊಡಬೇಕು, ಮಧ್ಯೆ ಬೇರೆಯವನು ಕೈ ಹಾಕಿದರೆ ಯಾರಿಗೋ ಶಾಕ್ ಹೊಡೆಯುತ್ತದೆ. ಕಂಬದ ಮೇಲಿನ ಈ ನಿಯಮ ನೆಲದ ಮೇಲೂ ನಡೆಯುತ್ತದೆ ಎಂದುಕೊಂಡಿದ್ದು ನನ್ನ ಎರಡನೇ ದಡ್ಡತನ.

ಜನ ಕರಗಿದ ಮೇಲೆ ವೇದಿಕೆಯ ಹಿಂದೆ ಹೋದೆ. ಪ್ರಜ್ವಲ್ ನನ್ನ ಕೋಟು ಬಿಚ್ಚಿ, ಮಡಿಸಿ, ಸ್ಪೀಕರಿನ ಮೇಲಿಟ್ಟು ಮೆಲ್ಲಗೆ ಜಾರಿಕೊಂಡ. ಮಂಜ ಬಗ್ಗಿ ವೈರ್ ಸುತ್ತುತ್ತಿದ್ದ.

"ಸೀಜನ್ ಹೆಂಗೈತೆ ಮಂಜ?" ಎಂದೆ.

ಅವನು ತಲೆ ಎತ್ತಲಿಲ್ಲ. "ನೀನು ಪ್ರತಿ ಸಲ ಡ್ಯೂಟಿ ಡ್ಯೂಟಿ ಅಂತೀಯ. ನಾನು ಹೊಟ್ಟೆಗೆ ಏನು ತಿನ್ಲಿ?"

"ಬರಾಕೆ ಆಗ್ದಿದ್ದಾಗ ಸರಿ. ಬಿಡುವಿದ್ದಾಗ್ಲೂ ಸುಳ್ಳು ಹೇಳಿದ್ಯಲ್ಲ?"

"ಅವನಿದ್ರೆ ಹುಡುಗೀರು ಬರ್ತಾರೆ, ನೀನಿದ್ರೆ ಮುದುಕ್ರು ಬರ್ತಾರೆ."

ಬೇರೆ ದಿನವಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ. ಅಂದು ಟೂಲ್ ಬ್ಯಾಗು ಕೆಳಗಿಟ್ಟೆ. "ನಿನ್ನ ಟ್ರೂಪಿಗೋಸ್ಕರ ಪ್ರಮೋಷನ್ ಬಿಟ್ಟೆ ಕಣಲೇ. ನನ್ನ ದನಿ ಹಾಕಾಕೆ ಮುಂಚೆ ನನ್ನನ್ನ ಒಂದ್ ಮಾತು ಕೇಳಬಾರ್ದಿತ್ತಾ?"

ಮಂಜ ವೈರ್ ಸುತ್ತುವುದನ್ನು ನಿಲ್ಲಿಸಿದ. ನೆಟ್ಟಗೆ ನಿಂತು ನನ್ನ ಮುಖ ನೋಡಿದ.

"ನಮ್ಮಪ್ಪನ ಕಾರ್ಯ ಮುಗಿದು ವಾರ ಆಗಿರ್ಲಿಲ್ಲ, ಹೊನ್ನಾಳ್ಯಾಗೆ ಅವನ ದನಿ ತೆಗೆದು ಚಪ್ಪಾಳೆ ತಗಂಡಿ. ಹಿಂದೆ ನಾನು ಕೀಬೋರ್ಡ್ ಬಾರಿಸ್ತಾ ನಿಂತಿದ್ದೆ. ನೀನು ಯಾರನ್ನ ಕೇಳಿದ್ದೆ?"