ವಾಪಸ್ ಬರುವ ಪಾಲು

ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ಪ್ಲಾಸ್ಮಾ ತೆಗೆಯುವ ಯಂತ್ರ ನಡೆಸುವುದು ನನ್ನ ಕೆಲಸ. ಅದು ದಾನಿಯ ತೋಳಿನಿಂದ ರಕ್ತ ಎಳೆದು, ಹಳದಿ ನೀರಿನಂಥ ಪ್ಲಾಸ್ಮಾವನ್ನಷ್ಟೇ ಚೀಲಕ್ಕೆ ಹಾಕಿ, ಉಳಿದ ಕೆಂಪು ಭಾಗವನ್ನು ಅದೇ ಸೂಜಿಯಿಂದ ಒಳಗೆ ಕಳಿಸುತ್ತದೆ. ಕೊಳವೆಯ ಸೀಲ್ ನೋಡುವುದು, ಗಾಳಿಗುಳ್ಳೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು, ತುಟಿ ಜುಮ್ಮೆಂದರೆ ತಕ್ಷಣ ಹೇಳಿ ಎಂದು ಎಚ್ಚರಿಸುವುದು, ಇದೆಲ್ಲ ನನಗೆ ಬಾಯಿಪಾಠ. ನನ್ನ ಬಾಯಿ ಸ್ವಲ್ಪ ಗಡಸು. ದಾನಿಗಳು ಹೆದರಿ ಅಲ್ಲಾಡದೆ ಮಲಗುತ್ತಾರೆ, ಅದೂ ಒಂದು ಅನುಕೂಲವೇ.

ವನದುರ್ಗದ ಕಡೆಯ ಒಬ್ಬ ಕುರಿಗಾರ ಮಾತ್ರ ಹೆದರಲಿಲ್ಲ. ಗೋಗಿ ಊರಿಗೆ ಮದುವೆ ಮಾಡಿಕೊಟ್ಟ ಅವನ ತಂಗಿ ಹೆರಿಗೆಯಾಗಿ ಮೇಲಿನ ವಾರ್ಡಿನಲ್ಲಿದ್ದಳು. ರಕ್ತ ಹೆಪ್ಪುಗಟ್ಟದೆ ಹರಿಯುತ್ತಲೇ ಇತ್ತು. ಅವಳಿಗೆ ಹೊಂದುವ ಪ್ಲಾಸ್ಮಾ ನಮ್ಮಲ್ಲಿ ಮುಗಿಯುತ್ತ ಬಂದಿತ್ತು. ಪರೀಕ್ಷೆ ಮಾಡಿದಾಗ ಇವನದು ಹೊಂದಿತು.

ಮೊದಲ ಸುತ್ತು ಎಳೆದದ್ದಾಯಿತು. ಕೆಂಪು ರಕ್ತ ತನ್ನ ತೋಳಿನ ಕಡೆಗೇ ತಿರುಗಿದ್ದನ್ನು ಕಂಡವನೇ ಇನ್ನೊಂದು ಕೈಯಿಂದ ಕೊಳವೆಯನ್ನು ಹಿಚುಕಿ ಹಿಡಿದ. ಯಂತ್ರ ಕೂಗಿಕೊಂಡು ತಾನೇ ನಿಂತಿತು.

“ಬಿಡ್ರಿ ಕೈ! ಏನ್ ಮಾಡಾಕತ್ತೀರಿ?”

“ತಂಗಿಗಿ ಕೊಟ್ಟೀನ್ರಿ. ದಾನ ಕೊಟ್ಟು ವಾಪಸ್ ತಗೊಂಡ್ರ ಅಕಿಗಿ ಮುಟ್ಟತದೇನ್ರಿ? ಎಲ್ಲಾ ಅಕಿಗೇ ಹಾಕ್ರಿ.”

ನನಗೆ ಸಿಟ್ಟು ನೆತ್ತಿಗೇರಿತು, ಜೊತೆಗೆ ಹೆದರಿಕೆ. ಹಾಗೇ ಹಿಡಿದಿದ್ದರೆ ಅವನಿಗೆ ಅಪಾಯ. ಅಲ್ಲಿಗೇ ನಿಲ್ಲಿಸಿದರೆ ತಂಗಿಗೆ ಅರ್ಧ ಚೀಲವೂ ಸಿಗುವುದಿಲ್ಲ. ತಿಳಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ.

“ಗುಡಿಗಿ ಕಾಯಿ ಒಯ್ತೀರಿಲ್ಲ? ಒಡದು ಅರ್ಧಾ ನಿಮ್ಮ ಕೈಯಾಗೇ ಕೊಡ್ತಾರ. ದೇವರಿಗಿ ಮುಟ್ಟಲಿಲ್ಲಂತ ಅಲ್ಲೇ ಒಗದು ಬರ್ತೀರೇನು?” ಎಂದು ರೇಗಿದೆ.

ಅವನು ಚೀಲದ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಬೆರಳು ಸಡಿಲಾದವು. ಕೊಳವೆಯಲ್ಲಿ ಗಡ್ಡೆ, ಗುಳ್ಳೆ ಇಲ್ಲವೆಂದು ಉದ್ದಕ್ಕೂ ನೋಡಿ, ಡಾಕ್ಟರಿಗೆ ತೋರಿಸಿ ಮತ್ತೆ ಶುರು ಮಾಡಿದೆ. ಚೀಲ ತುಂಬಿತು.

ಸೂಜಿ ತೆಗೆಯುವಾಗ ಅವನು, “ಅಕಿ ಉಳದ್ಲಂದ್ರ ಮತ್ತ ಬಂದು ಕೊಡ್ತೀನ್ರಿ,” ಎಂದ. ಹರಕೆ ಹೊರುವವರ ದನಿಯೇ ಅದು. ನಾನು ಹತ್ತಿ ಒತ್ತಿ, ಕೈ ಮಡಚಬೇಡಿ ಎಂದೆ.

ತಂಗಿ ಉಳಿಯಲಿಲ್ಲ. ಕೂಸು ಉಳಿಯಿತು. ಆ ದಿನ ನನಗೆ ಊಟ ಸೇರಲಿಲ್ಲ. ಅವನು ಮತ್ತೆ ಬರುವ ಪ್ರಶ್ನೆಯೇ ಇರಲಿಲ್ಲ, ಆಮೇಲೆ ಮರೆತೂಬಿಟ್ಟೆ.

ಮಳೆಗಾಲ ಕಳೆದು, ಕುರಿ ಹೊಡೆದುಕೊಂಡು ಸುರಪುರದ ಕಡೆ ಹೊರಡುವ ಮುಂಚೆ ಅವನು ಬಂದ. ಕಂಬಳಿ ಬಾಗಿಲಲ್ಲೇ ಇಟ್ಟು, ಹೇಳುವ ಮೊದಲೇ ಮಲಗಿ ತೋಳು ಚಾಚಿದ.

“ಯಾರಿಗ್ರಿ?” ಎಂದು ಕೇಳಿದೆ.

“ಯಾರಿಗರೆ ಹಾಕ್ರಿ.”

ಕೆಂಪು ರಕ್ತ ಅವನ ತೋಳಿನ ಕಡೆಗೆ ತಿರುಗಿತು. ಅವನು ಖಾಲಿ ಇದ್ದ ಕೈಯನ್ನು ಎತ್ತಿದ. ನಾನು ತಡೆಯಲು ಮುಂದಾದೆ. ಅವನು ಕೊಳವೆಯನ್ನು ಮೆಲ್ಲಗೆ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ.