ಬೇಸಿಗೆಯ ಅಂಬಿಗನ ಸಂಬಳ

ದೋಣಿಯ ಮೂತಿ ನಾಲ್ಕು ಬೆರಳಿನಷ್ಟು ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಉಳಿದದ್ದೆಲ್ಲ ಕಾವೇರಿಯೊಳಗೆ. ದೋಣಿಯ ತಳದಲ್ಲಿ ದೊಡ್ಡ ಕಲ್ಲುಗಳು, ಅವುಗಳ ಸುತ್ತ ಸಣ್ಣ ಮೀನುಗಳು. ನಾನು ನೋಟ್ ಪುಸ್ತಕ ತೆಗೆದು, 'ದೋಣಿ ಮುಳುಗಿದೆ, ಬಳಕೆಯಲ್ಲಿಲ್ಲ' ಎಂದು ಬರೆದುಕೊಂಡೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೊದಲ ವರ್ಷಗಳು. ಮಡಿಕೇರಿ ಪೇಟೆಯಲ್ಲಿ ಬೆಳೆದು, ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ ಮುಗಿಸಿದ್ದ ನಾನು ಸಿದ್ದಾಪುರದ ಹತ್ತಿರದ ದೊಡ್ಡಪ್ಪನ ಮನೆಗೆ ಬಂದಿದ್ದೆ. ದೊಡ್ಡಪ್ಪ ಪಂಚಾಯತಿ ಅಧ್ಯಕ್ಷರು. ಮನೆ ಕಂದಾಯ ಅರ್ಧಕ್ಕೆ ಇಳಿಸುತ್ತೇನೆ, ಯಾವ ಕೆಲಸವನ್ನೂ ನಿಲ್ಲಿಸುವುದಿಲ್ಲ, ಪೋಲಾಗುವುದನ್ನು ತಡೆದರೆ ಸಾಕು ಎಂದು ಊರಿಗೆಲ್ಲ ಮಾತು ಕೊಟ್ಟಿದ್ದರು. ಪೋಲು ಎಲ್ಲಿದೆಯೆಂದು ಹುಡುಕಿ ಬರೆಯುವ ಕೆಲಸ ನನಗೆ ಬಂತು.

"ನೀ ಓದಿದ್ದ್ ಊರಿಗೂ ರಜ್ಜ ಉಪಯೋಗ ಆಗ್ಲಿ," ಎಂದರು, ನಮ್ಮ ಮನೆಯ ಅರೆಭಾಷೆಯಲ್ಲಿ. ರಜ್ಜ ಅಂದರೆ ಸ್ವಲ್ಪ.

ಒಂದು ವಾರ ದೋಣಿ ಹತ್ತುವ ಕಡವಿನಲ್ಲಿ ಕುಳಿತು ಹೊಳೆ ದಾಟುವವರನ್ನು ಎಣಿಸಿದೆ. ಮಾರ್ಚ್ ತಿಂಗಳು. ಆಚೆ ದಡದ ಎಸ್ಟೇಟ್ ಕೂಲಿಗಳ ಲೈನುಮನೆಗಳವರೆಲ್ಲ ಸೀರೆ, ಪಂಚೆ ಎತ್ತಿ ಹಿಡಿದು ಬಂಡೆಯಿಂದ ಬಂಡೆಗೆ ಕಾಲಿಡುತ್ತ ದಾಟಿದರು. ಅಂಬಿಗನಿಗೆ ಮಾತ್ರ ಪಂಚಾಯತಿ ವರ್ಷವಿಡೀ ಸಂಬಳ ಕೊಡುತ್ತಿತ್ತು. ಮಳೆಗಾಲಕ್ಕಷ್ಟೇ ಕೊಟ್ಟರೆ ಕಂದಾಯ ಇಳಿಸಲು ಬೇಕಾದ ಹಣದ ಹೆಚ್ಚಿನ ಪಾಲು ಅಲ್ಲೇ ಸಿಗುತ್ತದೆ, ಯಾರಿಗೂ ತೊಂದರೆಯಿಲ್ಲ ಎಂದು ವರದಿ ಬರೆದೆ. ದೊಡ್ಡಪ್ಪ ಓದಿ ಮೆಚ್ಚಿ, ಮರುದಿನದ ಸಭೆಗೆಂದು ಎತ್ತಿಟ್ಟರು.

ಆ ಸಂಜೆ ಸುಮ್ಮನೆ ಕಡವಿನ ಕಡೆ ನಡೆದೆ. ಅಂಬಿಗ ದಡದಲ್ಲಿ ಕುಳಿತು ತೆಂಗಿನ ನಾರು ಬಿಡಿಸುತ್ತಿದ್ದ. ವಯಸ್ಸಾದವ, ಮನೆಮಾತು ಮಲೆಯಾಳ. ಮಗಳನ್ನು ಕರೆಯುವಂತೆ ನನ್ನನ್ನೂ ಮೋಳೆ ಎನ್ನುತ್ತಿದ್ದ.

"ಮೋಳೆ, ಕಂದಾಯ ಅರ್ಧ ಆಗ್ತದಂತೆ, ಹೌದಾ?"

"ಮಾತು ನಡೀತಾ ಇದೆ."

"ಆಗ್ಲಿ, ಆಗ್ಲಿ. ಹೋದ ವರ್ಷ ಕಟ್ಲಿಕ್ಕೆ ಆಡು ಮಾರಿದೆ. ನನ್ನ ಹೆಂಡ್ತಿ ಇವತ್ತಿಗೂ ಆ ಆಡಿಗಾಗಿ ಬೈತಾಳೆ. ನಿಮ್ಮ ದೊಡ್ಡಪ್ಪನಿಗೆ ಪುಣ್ಯ ಬರ್ಲಿ."

ಆತನ ಮುಖ ನೋಡಲಾಗಲಿಲ್ಲ. ಮಾತು ಬದಲಿಸಲು, ದೋಣಿ ಯಾವಾಗ ಮುಳುಗಿತು ಎಂದು ಕೇಳಿದೆ.

ಆತ ಕೆಮ್ಮು ಬರುವವರೆಗೆ ನಕ್ಕ. "ಮುಳುಗಿದ್ದಾ? ನಾನೇ ಮುಳುಗ್ಸಿದ್ದು! ಕಲ್ಲು ಹೊತ್ತು ಹೊತ್ತು ಸೊಂಟ ಹೋಯ್ತು. ಬಿಸಿಲಲ್ಲಿ ಬಿಟ್ರೆ ಹಲಗೆ ಬಿರೀತದೆ. ಮೈಸೂರಲ್ಲಿ ಇದೆಲ್ಲ ಕಲಿಸ್ಲಿಲ್ವಾ?"

ಮಳೆಗೆ ಮುಂಚೆ ದೋಣಿಯನ್ನು ಮೇಲೆತ್ತಿ ಒಣಗಿಸಬೇಕು, ಸಂದುಗಳಿಗೆ ನಾರು ತುಂಬಬೇಕು, ಎಣ್ಣೆ ಬಳಿಯಬೇಕು. ಅದೆಲ್ಲ ಬೇಸಿಗೆಯ ಕೆಲಸ ಎಂದ.

"ಬೇಸಿಗೇಲಿ ಸಂಬಳ ಇಲ್ದಿದ್ರೆ?" ಎಂದೆ.

"ಎಸ್ಟೇಟ್ ಕೆಲಸಕ್ಕೆ ಹೋಗ್ತೇನೆ."

"ದೋಣಿ?"

"ದೊಡ್ಡಪ್ಪ ಎತ್ಲಿ. ಅಧ್ಯಕ್ಷರಲ್ವಾ!"

ತಮಾಷೆಗೆ ಹೇಳಿದ್ದ. ನಾನು ನಗಲಿಲ್ಲ, ವರದಿಯ ವಿಷಯ ಹೇಳಲೂ ಇಲ್ಲ.

ಮನೆಗೆ ಬರುವ ದಾರಿಯಲ್ಲಿ ಎಷ್ಟು ಯೋಚಿಸಿದರೂ ಒಂದಕ್ಕೊಂದು ಕೂಡಲಿಲ್ಲ. ಬೇಸಿಗೆಯ ಸಂಬಳ ನಿಲ್ಲಿಸಿದರೆ ಮಳೆಗಾಲಕ್ಕೆ ದೋಣಿ ಸಿದ್ಧವಿರುವುದಿಲ್ಲ. ಹಾಗೆಂದು ಅದು ಪೂರ್ತಿ ದುಡಿಮೆಯ ಸಂಬಳವೆನ್ನುವುದೂ ಹೇಗೆ? ಆ ವಾರದಲ್ಲೇ ಎರಡು ದಿನ ಆತ ಮರದ ನೆರಳಿನಲ್ಲಿ ಬೆಳಗಿನಿಂದ ಸಂಜೆವರೆಗೆ ಮಲಗಿದ್ದನ್ನು ಕಣ್ಣಾರೆ ನೋಡಿದ್ದೆ. ಆ ಎರಡು ದಿನ ಪೋಲೇ? ಮೈಮುರಿದು ಕಲ್ಲು ಹೊತ್ತವನ ವಿಶ್ರಾಂತಿಯೇ? ದೋಣಿಗೆ ಎಷ್ಟು ದಿನ ಬೇಕು, ಎಷ್ಟು ದಿನ ಹೆಚ್ಚಿನದು ಎಂದು ಕೇಳಿದ್ದರೆ ಆತನಿಗೂ ಗೊತ್ತಿರುತ್ತಿರಲಿಲ್ಲವೇನೋ. ಕಂದಾಯ ಕಟ್ಟಲು ಆಡು ಮಾರಿದವರು ಊರಿನಲ್ಲಿ ಇನ್ನೆಷ್ಟು ಜನ? ಅವರಿಗೆ ಏನು ಹೇಳುವುದು? ಯಾವ ಕೆಲಸವೂ ನಿಲ್ಲದೆ ಕಂದಾಯ ಇಳಿಯುವುದು ಕಾಗದದ ಮೇಲೆ ಅಷ್ಟು ಸುಲಭವಾಗಿತ್ತು. ನನಗೆ ಈಗಲೂ ಅದು ಸರಿಯಾಗಿ ಅರ್ಥವಾಗಿಲ್ಲ.

ಮರುದಿನ ಬೆಳಿಗ್ಗೆ, ಕಾಫಿ ಕುಡಿಯುತ್ತಿದ್ದ ದೊಡ್ಡಪ್ಪನ ಹತ್ತಿರ ವರದಿ ವಾಪಸು ಕೇಳಿದೆ.

"ಎಂತ, ತಪ್ಪುಟ್ಟಾ?"

"ಉಟ್ಟು," ಇದೆ ಎಂದು ಒಪ್ಪಿಕೊಂಡೆ.

"ಹಂಗಾರೆ ಎಷ್ಟು ಉಳಿದದೆ?"

"ಗೊತ್ತಾಗ್ಲಿಲ್ಲ."

"ಅದ್ನ ಹೇಳಿಕೆ ಬಿ.ಎ. ಬೇಕಿತ್ತಾ?" ಎಂದು ಕಾಗದ ಮುಂದೆ ತಳ್ಳಿದರು.

ಉಳಿತಾಯದ ಮೊತ್ತವಿದ್ದ ಸಾಲನ್ನು ಹೊಡೆದುಹಾಕಿದೆ. ಅದರ ಕೆಳಗೆ, 'ಎಷ್ಟೆಂದು ನನಗೆ ತಿಳಿಯಲಿಲ್ಲ. ಒಂದು ವರ್ಷ ಪೂರ್ತಿ ನೋಡಬೇಕು' ಎಂದು ಬರೆದು, ರುಜು ಹಾಕಿ, ಅವರ ಕೈಗೆ ಕೊಟ್ಟೆ.