ಕೊಡದ ತಳ ಮುಟ್ಟಿದ ಪೈಪು

ಹೂವಿನಹಡಗಲಿಯ ಆ ಕೋಣೆಯಲ್ಲಿ ಗೋಡೆ ಏಸಿಯಿಂದ ನೀರು ಸುರಿಯುವಂತೆ ಮಾಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಕೊಟ್ಟೂರಿನಿಂದ ಹಡಗಲಿಯವರೆಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅದನ್ನೂ ನನ್ನ ದನಿಯಲ್ಲೇ ಹೇಳುತ್ತಾರೆ. ಊರವರ ದನಿಯನ್ನೆಲ್ಲ ಕದ್ದುಕೊಂಡು ತಿರುಗಿದವನಿಗೆ ಅದು ಆಗಬೇಕಾದದ್ದೇ.

ನನ್ನದು ಕೊಟ್ಟೂರು, ಕೆಲಸ ಏಸಿ ರಿಪೇರಿ. ಬೈಕಿನ ಹಿಂದೆ ನೀರು ಹೊಡೆಯುವ ಪಂಪು, ಮುಂದೆ ಸಾಮಾನಿನ ಚೀಲ. ಬಿಸಿಲು ಏರಿತೆಂದರೆ ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ ಎಲ್ಲ ಕಡೆಯಿಂದ ಫೋನು. ಎಲ್ಲರದೂ ಒಂದೇ ಮಾತು: ಏಸಿ ಸಪ್ಪಳ ಮಾಡುತ್ತದೆ. ಎಂಥಾ ಸಪ್ಪಳ ಎಂದರೆ ಯಾರಿಗೂ ಹೇಳಲು ಬರುವುದಿಲ್ಲ. ‘ಒಂಥರಾ’ ಅನ್ನುತ್ತಾರೆ. ಒಂಥರಾ ಸಪ್ಪಳಕ್ಕೆ ಯಾವ ಸ್ಕ್ರೂ ಬಿಚ್ಚಬೇಕು ಅಂತ ನನಗೂ ಗೊತ್ತಿರಲಿಲ್ಲ. ಹಾಗಾಗಿ ನಾನೊಂದು ಪದ್ಧತಿ ಇಟ್ಟುಕೊಂಡೆ. ‘ಏಸಿ ಹೆಂಗ ಕೂಗ್ತೈತಿ, ಹಂಗ ನೀವು ಒಮ್ಮಿ ಕೂಗಿ ತೋರಿಸ್ರಿ’ ಅನ್ನುವುದು.

ಮೊದಲು ನಾಚುತ್ತಾರೆ. ಆಮೇಲೆ ನಿಲ್ಲಿಸುವುದೇ ಕಷ್ಟ. ಕೂಡ್ಲಿಗಿಯ ಒಬ್ಬ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹಾಜರಿ ಕೂಗುವ ಗತ್ತಿನಲ್ಲಿ ‘ಟಕ್, ಟಕ್, ಟಕ್’ ಅಂದರು. ಹೋಗಿ ನೋಡಿದರೆ ಗಾಳಿ ಬೀಸುವ ಉರುಳೆಯಲ್ಲಿ ಒಣಗಿದ ಹಲ್ಲಿ. ಹರಪನಹಳ್ಳಿಯ ಬಟ್ಟೆ ಅಂಗಡಿಯವರು ‘ಕಿರ್ರ್ ಅಂತೈತೆ ನೋಡಪ್ಪ, ನಮ್ಮ ಅಂಗಡಿ ಶಟರ್ ಇದ್ದಂಗೆ’ ಎಂದು ಎಳೆದು ತೋರಿಸಿದರು. ಉರುಳೆ ತಿರುಗುವ ಬುಷ್‌ನಲ್ಲಿ ಎಣ್ಣೆ ಒಣಗಿತ್ತು. ಹಗರಿಬೊಮ್ಮನಹಳ್ಳಿಯ ಒಂದು ಮನೆಯಲ್ಲಂತೂ ಸ್ಪೀಕರ್ ಹಾಕಿ ಅಪ್ಪ ‘ಗುಂಯ್’, ಮಗಳು ‘ಚಿಟ್’, ಅವ್ವ ನಡುವೆ ‘ಸುಂಯ್’. ಭಜನಾ ಮೇಳ. ಅಂದು ಸಂಜೆ ಕೊಟ್ಟೂರಿನ ಮಿರ್ಚಿ ಅಂಗಡಿ ಮುಂದೆ ನಿಂತು ನಾನೊಬ್ಬನೇ ಆ ಮೂವರೂ ಆದೆ, ಮಂಡಕ್ಕಿ ತಿನ್ನುತ್ತಿದ್ದವರು ನಗಲು ಹೋಗಿ ಕೆಮ್ಮಿದರು. ನಮ್ಮವ್ವ ಮಾತ್ರ ನಗುವುದಿಲ್ಲ. ‘ಎಲ್ಲಾರ ದನಿ ತಗೀತಿ, ನಿಂದು ಎಲ್ಲಿ ಇಟ್ಟು ಮರೆತಿಯೋ ಏನೋ’ ಅನ್ನುತ್ತಾಳೆ.

ಹಡಗಲಿಯಲ್ಲಿ ನಾನು ಅಕ್ಕ ಎಂದು ಕರೆಯುವ ಗಿರಾಕಿಯೊಬ್ಬರಿದ್ದಾರೆ, ಹೂವಿನ ವ್ಯಾಪಾರದವರು. ಸುತ್ತಲಿನ ತೋಟಗಳ ಮಲ್ಲಿಗೆ ಮೊಗ್ಗು ಅವರ ಮನೆಗೆ ಬಂದು, ಬುಟ್ಟಿ ಸೇರಿ, ಬಸ್ಸು ಹತ್ತುತ್ತದೆ. ದಾರಿಯಲ್ಲೇ ಅರಳಿಬಿಟ್ಟರೆ ವ್ಯಾಪಾರ ಮುಗಿದಂತೆ. ಹಿತ್ತಲ ಕೋಣೆಗೆ ಏಸಿ ಹಾಕಿಸಿ ಮೊಗ್ಗನ್ನು ಮೊಗ್ಗಾಗಿಯೇ ಒಂದಿಷ್ಟು ಹೊತ್ತು ಹೆಚ್ಚು ಹಿಡಿದಿಟ್ಟರೆ, ದೂರದೂರದ ಮದುವೆಗಳನ್ನೂ ಹಿಡಿಯಬಹುದು ಎನ್ನುವುದು ಅವರ ಯೋಚನೆ. ಓಣಿ ನಕ್ಕಿತು. ‘ನಮಗ ಫ್ಯಾನು ತಿರುಗಂಗಿಲ್ಲ, ಈಕಿ ಹೂವಿಗೆ ಏಸಿ ಹಾಕ್ಯಾಳ!’ ಎಲ್ಲರಿಗಿಂತ ಜೋರಾಗಿ ನಕ್ಕವನು ಅಕ್ಕನ ಮೈದುನ. ಆ ಕೋಣೆಯ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು. ತನ್ನ ಗೊಬ್ಬರದ ಚೀಲಗಳನ್ನು ಅಲ್ಲಿ ಒಟ್ಟಬೇಕೆಂದು ಅವನ ಆಸೆ.

ಏಸಿ ಕೂರಿಸಿದವನು ನಾನು. ಕೂರಿಸಿ ಚಾಲೂ ಮಾಡಿದ ಮೇಲೆ ಗೋಡೆಯಾಚೆ ಸಣ್ಣ ಪೈಪಿನಿಂದ ನೀರು ಹನಿಯತೊಡಗಿತು. ಏಸಿ ತಂಪಾಗುವಾಗ ಗಾಳಿಯಲ್ಲಿನ ಪಸೆ ನೀರಾಗಿ ಒಳಗಿನ ತಟ್ಟೆಗೆ ಇಳಿಯುತ್ತದೆ, ತಟ್ಟೆಯಿಂದ ಪೈಪು ಹಿಡಿದು ಹೊರಗೆ ಹೋಗುತ್ತದೆ. ಅಕ್ಕನ ಅತ್ತೆ ಅದನ್ನು ಕಂಡರು. ನೀರು ಸುಮ್ಮನೆ ನೆಲಕ್ಕೆ ಬೀಳುವುದನ್ನು ನೋಡಿಕೊಂಡು ಕೂರುವ ಅಜ್ಜಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ‘ಯಪ್ಪಾ, ಹಾಳಾಗಾಕತ್ತೈತಲ್ಲೋ’ ಎಂದು ಓಡಿ ಹೋಗಿ ಪ್ಲಾಸ್ಟಿಕ್ ಕೊಡ ತಂದು ಪೈಪಿನ ಬುಡಕ್ಕಿಟ್ಟರು. ಹಿತ್ತಲ ಮಲ್ಲಿಗೆ ಗಿಡಕ್ಕೆ ಆಗುತ್ತದಂತೆ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಸುತ್ತ ನಾಲ್ಕು ಜನ ನೋಡುತ್ತ ನಿಂತಿದ್ದರು. ನಾಲ್ಕು ಜನ ನಿಂತರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ದೊಡ್ಡ ಸರ್ಕಾರಿ ಎಂಜಿನಿಯರನ ಗತ್ತು ತಂದುಕೊಂಡು, ಸೊಂಟದ ಮೇಲೆ ಕೈಯಿಟ್ಟು ಭಾಷಣ ಬಿಗಿದೆ: ‘ನೋಡಿ ಅಮ್ಮಾ, ಪೈಪಿನ ತುದಿಯು ಕೊಡದ ತಳವನ್ನು ಮುಟ್ಟತಕ್ಕದ್ದು! ಇಲ್ಲವಾದಲ್ಲಿ ಹಲ್ಲಿಗಳು ಒಳಗೆ ಪ್ರವೇಶಿಸಿ, ತಂಪಿನಲ್ಲಿ ವಿಶ್ರಾಂತಿ ಪಡೆಯತಕ್ಕದ್ದು!’ ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ, ತಲೆಯಾಡಿಸಿದರು. ಪೈಪನ್ನು ಹಿಡಿದು ತಳ ಮುಟ್ಟುವವರೆಗೂ ಒತ್ತಿದರು. ನಾನು ಚಪ್ಪಾಳೆ ಗಿಟ್ಟಿಸಿಕೊಂಡು ಬೈಕು ಹತ್ತಿದೆ.

ಕೆಲವು ದಿನಕ್ಕೆ ಅಕ್ಕನ ಫೋನು. ‘ಒಳಗಿನ ಡಬ್ಬಿಯಿಂದ ನೀರು ಸುರೀತೈತಪ್ಪ. ಕೆಳಗ ಮಲ್ಲಿಗಿ ಮಗ್ಗಿ ಅದಾವು. ನೀರು ಬಿದ್ದ ಮಗ್ಗಿ ಕೆಂಪಗಾಗ್ತೈತಿ.’ ಮರುದಿನ ಸ್ನಾನ, ತಿಂಡಿ ಮುಗಿಸಿಕೊಂಡು ಹೋದೆ. ಒಂದು ಹನಿ ಇಲ್ಲ. ಡಬ್ಬಿ ಒಂದು ಕೂದಲೆಳೆಯಷ್ಟು ವಾಲಿರಬಹುದೆಂದು ಮಟ್ಟ ನೋಡಿ ಸರಿಮಾಡಿ ಬಂದೆ. ಮತ್ತೆ ಫೋನು. ಮತ್ತೆ ಬೆಳಗ್ಗೆ ಹೋದೆ. ಈ ಸಲ ಗೋಡೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮುಂದಿನ ಮುಚ್ಚಳ ಬಿಚ್ಚಿ, ಜಾಲರಿ ತೊಳೆದು, ಒಳಗೆಲ್ಲ ಪಂಪಿನಿಂದ ನೀರು ಹೊಡೆದೆ. ಪೈಪಿಗೆ ಒಳಗಿನ ತುದಿಯಿಂದಲೇ ಬಾಯಿಟ್ಟು ಊದಿದೆ. ಅದು ವಾಪಸು ನನ್ನ ಬಾಯಿಗೆ ಏನು ಊದಿತು ಅಂತ ಊಟ ಮಾಡುತ್ತ ಓದುವವರ ಮರ್ಯಾದೆಗೆ ಬರೆಯುವುದಿಲ್ಲ. ಏಸಿ ಸಾಧು ಆಕಳಿನ ಹಾಗೆ ತಣ್ಣಗೆ ಉಸಿರಾಡುತ್ತಿತ್ತು. ‘ಇನ್ನ ನೀರು ಬಂದ್ರ ನನ್ನ ಹೆಸರು ಬದಲಿ ಮಾಡಿ ಕರೀರಿ ಅಕ್ಕಾ’ ಅಂದೆ.

ಅಂದು ಸಂಜೆಯೇ ಅಕ್ಕ ಫೋನಿನಲ್ಲಿ ನನ್ನನ್ನು ಹೊಸ ಹೆಸರಿನಿಂದ ಕರೆದರು. ಆ ಹೆಸರೂ ಇಲ್ಲಿ ಬೇಡ.

ಬೆಳಗ್ಗೆ ನನ್ನೆದುರು ಒಂದು ಹನಿ ಬೀಳಿಸದ ಏಸಿ ಸಂಜೆಗೆ ಅತ್ತು ಅತ್ತು ಸುರಿಸುತ್ತದೆ. ನನ್ನ ಮುಖ ಕಂಡರೆ ಅದಕ್ಕೆ ಭಯವೋ ನಾಚಿಕೆಯೋ ತಿಳಿಯಲಿಲ್ಲ. ಮೈದುನ ಮಾತ್ರ ತಿಳಿದವನಂತೆ ಹೇಳಿಬಿಟ್ಟಿದ್ದ: ‘ಅತ್ತಿಗಿ, ಇನ್ನೊಮ್ಮಿ ಹೂವು ಕೆಟ್ರ ಏಸಿ ಬಿಚ್ಚಿಸಿಬಿಡು. ರೂಮು ನನಗ ಕೊಡು.’ ಅಕ್ಕ ಹಟಕ್ಕೆ ಬಿದ್ದು ಒಪ್ಪಿಬಿಟ್ಟಿದ್ದರು. ಆ ಹಟದಲ್ಲೇ ಹರಪನಹಳ್ಳಿಯ ಒಂದು ದೊಡ್ಡ ಮದುವೆಯ ಹೂವನ್ನೂ ಒಪ್ಪಿಕೊಂಡಿದ್ದರು.

ಮದುವೆಯ ಹಿಂದಿನ ದಿನ ಹೊತ್ತು ಇಳಿಯುವಾಗ ನಾನು ಹಗರಿಬೊಮ್ಮನಹಳ್ಳಿಯ ಆ ಭಜನಾ ಮೇಳದ ಮನೆಯಲ್ಲಿದ್ದೆ. ಅಕ್ಕನ ಫೋನು. ದನಿ ಸಣ್ಣಗಿತ್ತು.

‘ಮದುವಿ ಹೂವೆಲ್ಲಾ ಒಳಗ ಅದಾವಪ್ಪ. ಹನಿ ಬೀಳಾಕತ್ಯಾವು.’

‘ಸಪ್ಪಳ ಏನರ ಬರ್ತೈತೇನ್ರಿ ಅಕ್ಕಾ?’

‘ಬರ್ತೈತಿ. ಒಂಥರಾ.’

‘ಒಮ್ಮಿ ಕೂಗಿ ತೋರಿಸ್ರಿ ಮತ್ತ.’

‘ಲೇ, ನಾನು ಹೂವು ಮಾರಾಕಿ, ಬಯಲಾಟದಾಕಿ ಅಲ್ಲ. ಸುಮ್ನ ಬರ್ತೀಯೋ ಇಲ್ಲೋ?’

ಬೈಕು ಓಡಿಸಿದ ಓಟವನ್ನು ಬೈಕೇ ಹೇಳಬೇಕು. ಹೋದಾಗ ಕೋಣೆಯ ನೋಟ ಹೀಗಿತ್ತು: ನೆಲದ ತುಂಬ ಬುಟ್ಟಿ, ಬುಟ್ಟಿ ತುಂಬ ಬೆಳ್ಳಗಿನ ಮೊಗ್ಗು, ಅವುಗಳ ನಡುವೆ ಕಾಲಿಡಲು ಜಾಗವಿಲ್ಲದೆ ಅಕ್ಕ ಒಂದೇ ಕಾಲಿನ ಮೇಲೆ ನಿಂತು, ಏಸಿಯ ಬಾಯಿ ಕೆಳಗೆ ಸ್ಟೀಲ್ ಬೋಗುಣಿ ಹಿಡಿದಿದ್ದಾರೆ. ಬಾಗಿಲಲ್ಲಿ ಮೈದುನ, ಕೈಕಟ್ಟಿಕೊಂಡು, ಆಗಲೇ ಯಾವ ಮೂಲೆಗೆ ಎಷ್ಟು ಚೀಲ ಎಂದು ಕಣ್ಣಲ್ಲೇ ಒಟ್ಟುತ್ತಿದ್ದಾನೆ. ಹೊಸ್ತಿಲಲ್ಲಿ ಅಜ್ಜಿ ಕೂತಿದ್ದಾರೆ.

‘ಬಂದ್ರಲ್ಲ ಡಾಕ್ಟ್ರು,’ ಅಂದ ಮೈದುನ. ‘ಬಿಚ್ಚೋ ಸಾಮಾನು ತಂದಿಯಿಲ್ಲೋ? ಕೂಡಿಸಾಕ ಹೆಂಗೂ ನಿನಗ ಬರಂಗಿಲ್ಲ.’

ಸ್ಟೂಲು ಹತ್ತಿದೆ. ಮುಚ್ಚಳ ತೆಗೆದೆ. ತಟ್ಟೆ ತುಂಬಿ ತುಳುಕುತ್ತಿತ್ತು. ಆದರೆ ತಟ್ಟೆಯಲ್ಲಿ ಕಸವಿಲ್ಲ, ಪಾಚಿಯಿಲ್ಲ. ಜಾಲರಿ ಹೊಸದರಂತಿತ್ತು. ಮಟ್ಟ ಸರಿ. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಅಲ್ಲಿಗೆ ಮುಗಿಯಿತು. ಜೀವನದಲ್ಲಿ ಮೊದಲ ಸಲ, ನಾಲ್ಕು ಜನ ನೋಡುತ್ತಿದ್ದರೂ, ಯಾರ ದನಿಯೂ ನನ್ನ ನೆರವಿಗೆ ಬರಲಿಲ್ಲ. ನನ್ನದೇ ಸಣ್ಣ ದನಿಯಲ್ಲಿ ಕೇಳಿದೆ: ‘ಅಕ್ಕಾ, ಕೈ ಮುಗೀತೀನಿ. ಆ ಸಪ್ಪಳ ಒಮ್ಮಿ.’

ಅಕ್ಕ ಮೈದುನನ ಮುಖ ನೋಡಿದರು, ತುಟಿ ಬಿಗಿದರು. ಆಗ ಹೊಸ್ತಿಲಿನಿಂದ ಬಂತು ನೋಡಿ:

‘ಗ್ಳುಕ್... ಗ್ಳುಕ್... ಗ್ಳು ಗ್ಳು ಗ್ಳು ಗ್ಳು... ಉಪ್ಪ್.’

ಅಜ್ಜಿ! ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಕೊನೆಯ ‘ಉಪ್ಪ್’ ಅನ್ನುವಾಗ ಭುಜವನ್ನೂ ಒಂಚೂರು ಮುಳುಗಿಸಿ ಮಾಡಿದರು. ನಾನು ಸ್ಟೂಲಿನ ಮೇಲಿಂದಲೇ ಆ ಕಡೆ ತಿರುಗಿದೆ. ನನ್ನ ಕಾಲದಲ್ಲಿ ಎಷ್ಟೋ ಜನರಿಂದ ಏಸಿ ಕೂಗಿಸಿದ್ದೇನೆ, ಇಂಥ ಕಲಾವಿದೆಯನ್ನು ಕಂಡಿರಲಿಲ್ಲ. ಅದು ಏಸಿಯ ಸಪ್ಪಳವೇ ಅಲ್ಲ. ಬಾವಿಯಲ್ಲಿ ಕೊಡವನ್ನು ಬಾಯಿ ಕೆಳಗೆ ಮಾಡಿ ಒತ್ತಿದಾಗ, ಒಳಗಿನ ಗಾಳಿ ಹೊರಗೆ ಬರಲಾರದೆ ಒದ್ದಾಡುವ ಸಪ್ಪಳ. ಅಷ್ಟರಲ್ಲಿ ಗೋಡೆಯೊಳಗಿನ ಪೈಪೂ ಅಜ್ಜಿಗೆ ಶ್ರುತಿ ಕೊಟ್ಟಿತು: ಗ್ಳುಕ್, ಗ್ಳುಕ್.

ನೀರು, ಗಾಳಿ, ಕೊಡ.

ಸ್ಟೂಲಿನಿಂದ ಹಾರಿ ಹಿತ್ತಲಿಗೆ ಓಡಿದೆ. ಗೋಡೆಯ ಬುಡದಲ್ಲಿ ಕೊಡ ಕಂಠದವರೆಗೆ ತುಂಬಿ ನಿಂತಿತ್ತು. ಪೈಪು ತಳ ಮುಟ್ಟಿ ಕೂತಿತ್ತು, ನಾನು ಅಪ್ಪಣೆ ಕೊಡಿಸಿದ ಹಾಗೆಯೇ. ಕೊಡ ಖಾಲಿ ಇರುವಾಗ ನೀರು ಹೇಗೋ ಇಳಿಯುತ್ತದೆ. ಸಂಜೆಗೆ ಕೊಡ ತುಂಬಿತೆಂದರೆ ಪೈಪಿನ ಮೂತಿ ಆಳದಲ್ಲಿ ಮುಳುಗಿ, ನಡುವೆ ಗಾಳಿ ಸಿಕ್ಕಿಹಾಕಿಕೊಂಡು, ಹಿಂದಿನ ನೀರಿಗೆ ದಾರಿಯೇ ಇಲ್ಲ. ಅದು ತಟ್ಟೆ ತುಂಬಿ ಒಳಗೇ ಸುರಿಯುತ್ತದೆ. ಬೆಳಗಾಗುತ್ತಲೇ ಅಜ್ಜಿ ಕೊಡವನ್ನು ಗಿಡಕ್ಕೆ ಸುರಿದು, ಖಾಲಿ ಕೊಡವಿಟ್ಟು, ಪೈಪನ್ನು ಮತ್ತೆ ತಳಕ್ಕೆ ಒತ್ತುತ್ತಾರೆ. ಆಮೇಲೆ ನಾನು ಹೊಟ್ಟೆ ತುಂಬಿಸಿಕೊಂಡು ಬಂದು, ಸುಖವಾಗಿರುವ ಏಸಿಯನ್ನು ಪರೀಕ್ಷೆ ಮಾಡುತ್ತೇನೆ!

ಪೈಪನ್ನು ಎತ್ತಿ ಹಿಡಿದೆ. ಅದು ಉದ್ದಕ್ಕೆ ‘ಹಾಽಽಽ’ ಎಂದು ಉಸಿರು ಬಿಟ್ಟಿತು. ಮರುಕ್ಷಣ ತಣ್ಣನೆಯ ನೀರು ದಬದಬ ನನ್ನ ಪ್ಯಾಂಟಿನ ಮೇಲೆ. ಒಳಗಿನಿಂದ ಅಕ್ಕ ಕೂಗಿದರು: ‘ನಿಂತ್ತು! ನಿಂತ್ತಪ್ಪೋ! ಹನಿ ನಿಂತ್ತು!’

ತೊಯ್ದ ಪ್ಯಾಂಟಿನಲ್ಲೇ ಗೆದ್ದ ಪೈಲ್ವಾನನ ಹಾಗೆ ಒಳಗೆ ಬಂದೆ. ಬಂದವನು ಸುಮ್ಮನಿರಬೇಕೋ ಬೇಡವೋ? ‘ಆ ಪೈಪನ್ನ ಕೊಡದ ತಳಕ್ಕ ತುರುಕಿದ ಪುಣ್ಯಾತ್ಮ ಯಾರು?’ ಎಂದು ಗುಡುಗಿದೆ.

ಅಜ್ಜಿ ನಿಧಾನವಾಗಿ ಎದ್ದರು. ಸೊಂಟದ ಮೇಲೆ ಕೈಯಿಟ್ಟರು. ಗಲ್ಲ ಮೇಲೆತ್ತಿದರು. ‘ನೋಡೀ ಅಮ್ಮಾ! ಪೈಪಿನ ತುದಿಯು ಕೊಡದ ತಳವನ್ನು ಮುಟ್ಟತಕ್ಕದ್ದು! ಇಲ್ಲವಾದಲ್ಲಿ ಹಲ್ಲಿಗಳು ಒಳಗೆ ಪ್ರವೇಶಿಸಿ...’

ಅಕ್ಷರ ತಪ್ಪಲಿಲ್ಲ. ದನಿ ನನ್ನದು, ಗತ್ತು ನನ್ನದು, ನಡುವೆ ಮೂಗು ಎಳೆದುಕೊಳ್ಳುವುದೂ ನನ್ನದು. ನಾನು ಮೂಗು ಎಳೆಯುತ್ತೇನೆಂದು ನನಗೆ ಅಂದೇ ಗೊತ್ತಾದದ್ದು. ಅಕ್ಕ ಸ್ಟೀಲ್ ಬೋಗುಣಿ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಪೈಪಿನ ತುದಿಯನ್ನು ಕೊಡದ ಬಾಯಿಗಿಂತ ಒಂದು ಗೇಣು ಮೇಲೆ ಕಟ್ಟಿದೆ, ಹಲ್ಲಿ ಹೋಗದಂತೆ ಸಣ್ಣ ಜಾಳಿಗೆ ಬಿಗಿದೆ. ಬೆಳಗಿನ ಮೊದಲ ಬಸ್ಸಿಗೆ ಹೂವು ಹೊರಟಿತು. ಮಧ್ಯಾಹ್ನ ಹರಪನಹಳ್ಳಿಯಿಂದ ಮದುವೆ ಮನೆಯವರೇ ಫೋನು ಮಾಡಿದರು: ‘ಏನ್ ಹೂವು ಕಳಿಸಿದೀಯಮ್ಮ! ಮುಹೂರ್ತದ ಹೊತ್ತಿಗೆ ಸರಿಯಾಗಿ ಅರಳೈತೆ ನೋಡು. ಶ್ರಾವಣದಾಗೆ ಇನ್ನೆರಡು ಮದುವೆ ಅದಾವೆ, ಹೂವು ನಿಂದೇ.’ ಅಕ್ಕ ಅದನ್ನು ಸ್ಪೀಕರಿನಲ್ಲಿಟ್ಟು ಓಣಿಗೆಲ್ಲ ಕೇಳಿಸಿದರು. ನಕ್ಕವರ ಮನೆಗಳ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತರಂತೆ.

ಆ ವಾರ ಸಾಮಾನು ಮರೆತ ನೆಪ ಮಾಡಿಕೊಂಡು ಮತ್ತೆ ಹೋದೆ. ಮೆಚ್ಚುಗೆ ಪೂರಾ ವಸೂಲಾಗಿರಲಿಲ್ಲ ಅನ್ನಿಸಿತ್ತು. ಅಜ್ಜಿ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ‘ಎಷ್ಟಂದ್ರೂ ನನ್ನ ಕಿವಿ ನೋಡ್ರಿ ಅಕ್ಕಾ. ಸಪ್ಪಳ ಕೇಳಿದ್ದ ತಡ, ರೋಗ ಕಂಡುಹಿಡಿದೆ. ನಾನಿಲ್ಲಂದಿದ್ರ ಈ ರೂಮು ಉಳೀತಿತ್ತೇನು?’ ಎಂದು ಶುರುಮಾಡಿದೆ.

ಮೈದುನ ಅಲ್ಲೇ ಇದ್ದ. ಅವನು ಇನ್ನೂ ಆಸೆ ಬಿಟ್ಟಿರಲಿಲ್ಲ. ‘ಕೆಡಿಸಿದಾವನೂ ಇವನ, ರಿಪೇರಿ ಮಾಡಿದಾವನೂ ಇವನ. ಅದು ಅತ್ತಿಗಿ ಕೊಟ್ಟ ಮಾತಿನ ಲೆಕ್ಕಕ್ಕ ಬರಂಗಿಲ್ಲ. ಅವ್ವಾ, ನೀನ ಹೇಳು, ರೂಮು ಯಾರ್ದು?’ ಅಂದ.

ಅಜ್ಜಿ ಕೊಡ ಕೆಳಗಿಡಲೂ ಇಲ್ಲ. ನಮ್ಮಿಬ್ಬರನ್ನೂ ಒಂದು ಸಲ ನೋಡಿ, ನನ್ನ ಕಡೆ ತಿರುಗಿ, ಮೂಗು ಎಳೆದುಕೊಂಡು, ನನ್ನದೇ ದನಿಯಲ್ಲಿ ಹೇಳಿದರು:

‘ಕೊಡ ನಂದು, ಸಪ್ಪಳ ನಂದು, ಹೂವು ನನ್ನ ಸೊಸಿದು, ರೂಮೂ ಆಕಿದು. ಸುರಿಸಿದ ನೀರೊಂದು ನಿಂದು ತಮ್ಮಾ. ತುಂಬಿಕೊಂಡು ಹೋಗತಕ್ಕದ್ದು!’